ಕೆಮಿಸ್ಟ್ರಿ ಸೊಸೆ

ಮದುವೆಯ ಊಟದ ದಿನ ಡಾಂಗ್ ಮನೆಯ ಅಜ್ಜಿ ಹೊಸ ಸೊಸೆಯ ಮಣಿಕಟ್ಟು ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ನಾಲ್ಕು ಮೇಜಿಗೆ ಕೇಳಿಸುವಂತೆ ಹೇಳಿದಳು: "ಈ ಹುಡುಗಿ ಬಲೇ ಕೆಮಿಸ್ಟ್ರಿ."

ವಾನ್‌ಯೀ ನಕ್ಕಳು. "ಹೌದು ಅಜ್ಜಿ, ಕಾಲೇಜಲ್ಲಿ ನಾಲ್ಕು ವರ್ಷ ಅದನ್ನೇ ಓದಿದ್ದು. ಈಗ ಕಲಿಸೋದೂ ಅದನ್ನೇ."

ನಾಲ್ಕೂ ಮೇಜು ಗೊಳ್ಳೆಂದಿತು. ವಾನ್‌ಯೀಯ ಅತ್ತೆ ಫೆಂಗ್‌ಚಿನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಾವ ಶುವಾನ್‌ಝು ತಟ್ಟೆ ನೋಡುತ್ತ ನಕ್ಕ. ಮದುಮಗ ಜಿಯಾನ್‌ಬೋ ಮಾತ್ರ ಕಿವಿ ಕೆಂಪಾಗಿಸಿಕೊಂಡು, "ಅಜ್ಜಿ, ಊಟ ಮಾಡಿ" ಎಂದ.

"ಯಾಕೆ ಎಲ್ಲರೂ ನಗ್ತಿದಾರೆ?" ಎಂದು ವಾನ್‌ಯೀ ಮೆಲ್ಲಗೆ ಕೇಳಿದಳು.

"ಆಮೇಲೆ ಹೇಳ್ತೀನಿ."

ಅವನು ಹೇಳಲಿಲ್ಲ. ವೇಯ್ ನದಿಯ ಈ ದಂಡೆಯಲ್ಲಿ ನಮ್ಮವರು ಆ ಮಾತನ್ನು ಆಡುವ ರೀತಿ ಬೇರೆ. ಸೆಲ್ಯುಲಾಯ್ಡ್ ಬಾಚಣಿಗೆ, ಪ್ಲಾಸ್ಟಿಕ್ ಸೋಪಿನ ಡಬ್ಬಿ ಮೊದಲ ಸಲ ಪೇಟೆಯಿಂದ ಬಂದಾಗ ಅವನ್ನು ಕರೆಯಲು ಇಲ್ಲಿ ಹೆಸರಿರಲಿಲ್ಲ. ಕೆಮಿಸ್ಟ್ರಿ ಬಾಚಣಿಗೆ, ಕೆಮಿಸ್ಟ್ರಿ ಡಬ್ಬಿ ಎಂದರು. ಅವು ವಾರಕ್ಕೆ ಹಲ್ಲು ಉದುರಿಸಿಕೊಂಡವು, ಚಳಿಗೆ ಸೀಳಿದವು. ಅಂದಿನಿಂದ ಕಾಲು ಅಲ್ಲಾಡುವ ಕುರ್ಚಿ ಕೆಮಿಸ್ಟ್ರಿ, ಮೊದಲ ಮಳೆಗೆ ಕಿತ್ತುಹೋಗುವ ರಸ್ತೆ ಕೆಮಿಸ್ಟ್ರಿ, ಮೂರು ದಿನಕ್ಕೊಮ್ಮೆ ಜ್ವರ ಬರುವ ಮನುಷ್ಯನೂ ಕೆಮಿಸ್ಟ್ರಿ. ದಕ್ಷಿಣದ ಕಡಲ ದಂಡೆಯಿಂದ ಬಂದ ವಾನ್‌ಯೀಗೆ ಇದು ಗೊತ್ತಾಗುವುದು ಹೇಗೆ?

ಅವಳ ಪಾಲಿಗೆ ಆ ದಿನ ಅಂಥ ಮಾತುಗಳೇ ತುಂಬಿದ್ದವು. ಸಂಬಂಧ ಕುದುರಿಸಿದ ಗಣಿತದ ಮೇಷ್ಟ್ರು ಬಟ್ಟಲು ಎತ್ತಿ, "ನಾನೇನೂ ಮಾಡಲಿಲ್ಲ, ನಾನು ಬರೀ ವೇಗವರ್ಧಕ" ಎಂದರು. "ಹಾಗಿದ್ರೆ ಸರ್, ಕ್ರಿಯೆ ಮುಗಿದ ಮೇಲೂ ನೀವು ಮೊದಲಿದ್ದ ಹಾಗೇ ಇರ್ಬೇಕು. ಇಷ್ಟು ಕುಡೀಬಾರ್ದು" ಎಂದು ವಾನ್‌ಯೀ ಅಂದಳು. ಮೈಕು ಹಿಡಿದವನು "ಪ್ರೇಮದ ಹರಳು ಬೇಗ ಈ ಮನೆಯ ಮಡಿಲು ತುಂಬಲಿ" ಎಂದು ಹಾರೈಸಿದಾಗ, "ಹರಳು ಕಟ್ಟೋಕೆ ಪಾತ್ರೆ ಅಲ್ಲಾಡಿಸ್ದೆ ಬಿಡ್ಬೇಕು ಅಂತ ಅವರಿಗೆ ಹೇಳಿ" ಎಂದು ಗಂಡನ ಕಿವಿಯಲ್ಲಿ ಉಸುರಿದಳು. ಸಂಜೆ, ಮದುವೆಗೆ ಬರಲಾಗದೆ ಊರಲ್ಲೇ ಉಳಿದ ತಾಯಿಗೆ ಫೋನ್ ಮಾಡಿದಾಗ ಅವಳ ದನಿಯಲ್ಲಿ ಹಿಗ್ಗಿತ್ತು. "ಅವ್ವ, ಗಂಡನ ಅಜ್ಜಿ ನನ್ನನ್ನ ಎಲ್ಲರ ಮುಂದೆ ಬಲೇ ಕೆಮಿಸ್ಟ್ರಿ ಅಂತ ಹೊಗಳಿದ್ರು."

ಡಾಂಗ್ ಮನೆಯವರದು ಪೇಟೆ ಓಣಿಯಲ್ಲಿ ಲಿಯಾಂಗ್‌ಪಿ ಅಂಗಡಿ. ಗೋಧಿ ಹಿಟ್ಟನ್ನು ಕಲಸಿ, ನೀರಿನಲ್ಲಿ ತೊಳೆದು, ಬಂದ ಗೋಧಿ ಹಾಲು ತಳಕ್ಕೆ ಕೂತ ಮೇಲೆ ಆವಿಯಲ್ಲಿ ಬೇಯಿಸಿ ಹಾಳೆ ಮಾಡುವುದು ಫೆಂಗ್‌ಚಿನ್ ಕೆಲಸ. ಹಾಳೆಯನ್ನು ಕತ್ತರಿಸಿ, ವಿನೆಗರು, ಮೆಣಸಿನೆಣ್ಣೆ ಹಾಕಿ ಕಲಸಿ ಕೊಡುವುದು ಶುವಾನ್‌ಝು ಕೆಲಸ. ಅಂಗಡಿಯ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ. ಜಿಯಾನ್‌ಬೋ ರೈಲು ಮಾರ್ಗದ ವಿದ್ಯುತ್ ತಂತಿ ನೋಡಿಕೊಳ್ಳುವವನು. ಹತ್ತು ದಿನ ಮಾರ್ಗದಲ್ಲಿ, ನಾಲ್ಕು ದಿನ ಮನೆಯಲ್ಲಿ. ಹೀಗಾಗಿ ವಾನ್‌ಯೀಯ ಸಂಸಾರ ಹೆಚ್ಚಾಗಿ ಅತ್ತೆ, ಮಾವ, ಎಂಬತ್ತಾರರ ಅಜ್ಜಿಯ ಜೊತೆ ನಡೆಯುತ್ತಿತ್ತು.

ಅನ್ನ ತಿಂದು ಬೆಳೆದವಳು ದಿನವೂ ಅಂಗೈ ಅಗಲದ ಶ್ಯಾವಿಗೆ ತಿನ್ನಬೇಕಾಯಿತು. ಅರ್ಧ ಬಟ್ಟಲಿಗೇ ಸಾಕಾಗುತ್ತಿತ್ತು.

"ಅರ್ಧ ಬಿಟ್ಟೆ," ಎನ್ನುತ್ತಿದ್ದಳು ಫೆಂಗ್‌ಚಿನ್.

"ಹೊಟ್ಟೆ ತುಂಬ್ತು ಅಮ್ಮ."

"ನಮ್ಮನೆ ಗುಬ್ಬಿನೂ ಇದಕ್ಕಿಂತ ಜಾಸ್ತಿ ತಿನ್ನತ್ತೆ."

ಹೀಗೆಂದರೂ ಮಾರನೇ ದಿನ ಸೊಸೆಯ ಬಟ್ಟಲಿಗೆ ಮೆಣಸಿನೆಣ್ಣೆ ಕಡಿಮೆ ಬೀಳುತ್ತಿತ್ತು. ವಾರಕ್ಕೆರಡು ಸಲ ಅನ್ನವೂ ಆಗುತ್ತಿತ್ತು, ಕೊಂಚ ಗಂಜಿಯಂತೆ. ಅತ್ತೆ ಸೊಸೆ ಜಗಳವಾಡಲಿಲ್ಲ. ಹತ್ತಿರವೂ ಆಗಲಿಲ್ಲ.

ಹೊಸ ವರ್ಷದ ಹಬ್ಬದಲ್ಲಿ ವಾನ್‌ಯೀ ಬಸಿರಿಯೆಂದು ತಿಳಿಯಿತು. ಫೆಂಗ್‌ಚಿನ್ ಅವಳ ಕೈಯಿಂದ ನೀರಿನ ಬಕೆಟ್ಟು ಕಿತ್ತುಕೊಂಡಳು, ಮೆಟ್ಟಿಲು ಇಳಿಯುವಾಗ ಹಿಂದೆಯೇ ಇಳಿದಳು. ಶುವಾನ್‌ಝು ಮಾತಿನವನಲ್ಲ; ಬಟ್ಟೆ ಒಣಗಿಸುವ ಬಾಲ್ಕನಿಯ ಒಂದು ಮೂಲೆ ಖಾಲಿ ಮಾಡಿ, ಅಳತೆ ಪಟ್ಟಿ ಹಿಡಿದು ಏನೋ ಲೆಕ್ಕ ಹಾಕಿಕೊಂಡು, ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ.

ಶಾಲೆ ಮತ್ತೆ ಶುರುವಾದ ಎರಡನೇ ವಾರ, ಮಂಗಳವಾರ, ಪಾಠ ಮಾಡುತ್ತಿದ್ದಾಗಲೇ ವಾನ್‌ಯೀಗೆ ಹೊಟ್ಟೆ ಹಿಂಡಿತು. ಸುದ್ದಿ ತಿಳಿದ ಶುವಾನ್‌ಝು ಬಾಡಿಗೆ ಕಾರಿಗೆ ಕಾಯದೆ ಅಂಗಡಿಯ ಮೂರು ಗಾಲಿಯ ಗಾಡಿಯನ್ನೇ ಶಾಲೆಯೊಳಕ್ಕೆ ನುಗ್ಗಿಸಿದ. ಹಿಟ್ಟಿನ ಚೀಲಗಳ ಮೇಲೆ ತನ್ನ ಹತ್ತಿ ಕೋಟು ಹಾಸಿ ಸೊಸೆಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಜಿಯಾನ್‌ಬೋ ಬರಲು ಮರುದಿನವೇ ಆಗುತ್ತಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ಫೆಂಗ್‌ಚಿನ್ ಜೊತೆ ಅವಳ ನಾದಿನಿ, ಶುವಾನ್‌ಝುವಿನ ತಂಗಿ, ಬಂದು ಕೂತಿದ್ದಳು. ವಾರ್ಡಿನ ಬಾಗಿಲು ತೆರೆದೇ ಇತ್ತು.

"ಮದುವೆ ದಿನವೇ ನಮ್ಮಮ್ಮ ಅಂದಿದ್ಲಲ್ಲ ಅತ್ತಿಗೆ," ಎಂದಳು ನಾದಿನಿ. "ಈ ಹುಡುಗಿ ಕೆಮಿಸ್ಟ್ರಿ ಅಂತ. ಮಗು ನಿಲ್ಲೋ ಮೈಯಲ್ಲ ಇದು."

"ಸುಮ್ನಿರು," ಎಂದಳು ಫೆಂಗ್‌ಚಿನ್. ಅಷ್ಟೇ ಅಂದಳು.

ಸ್ವಲ್ಪ ಹೊತ್ತಿಗೆ ನರ್ಸು ಗ್ಲೂಕೋಸ್ ಬಾಟಲಿ ಬದಲಿಸಲು ಬಂದಳು. ನಮ್ಮೂರಿನದೇ ಹುಡುಗಿ.

"ಸಿಸ್ಟರ್," ಎಂದಳು ವಾನ್‌ಯೀ, "ನಿಮ್ಮ ಕಡೆ ಯಾರನ್ನಾದ್ರೂ ಕೆಮಿಸ್ಟ್ರಿ ಅಂದ್ರೆ ಏನರ್ಥ?"

"ಅದಾ? ಗಟ್ಟಿ ಇಲ್ಲದ್ದಕ್ಕೆ ಅಂತೀವಿ. ಮುಟ್ಟಿದ್ರೆ ಮುರಿಯೋ ಮಾಲು ಇರತ್ತಲ್ಲ, ಕಳಪೆ, ಅಂಥದ್ದು. ಯಾಕೆ?"

"ಸುಮ್ನೆ ಕೇಳಿದೆ."

ಬೆಳಗ್ಗೆ ವೈದ್ಯೆ ಬಂದಾಗ ವಾನ್‌ಯೀ ಇನ್ನೊಂದು ಪ್ರಶ್ನೆ ಕೇಳಿದಳು. ಹಿಂದಿನ ವಾರ ಮಕ್ಕಳಿಗೆ ಆಮ್ಲದ ಪ್ರಯೋಗ ತೋರಿಸಿದ್ದೆ, ಅದರ ಹೊಗೆಯಿಂದ ಹೀಗಾಯಿತೇ ಎಂದು. ರಾತ್ರಿಯಿಡೀ ಅದನ್ನೇ ಯೋಚಿಸಿದ್ದಳೆಂದು ಅವಳ ಕಣ್ಣು ಹೇಳುತ್ತಿತ್ತು. ವೈದ್ಯೆ ಹಾಸಿಗೆಯ ಅಂಚಿಗೆ ಕೂತಳು. "ಕೇಳಿಲ್ಲಿ. ಆರೇಳು ಬಸಿರಲ್ಲಿ ಒಂದು ಹೀಗೆ ಹೋಗತ್ತೆ. ಹೊಗೆಯಿಂದಲ್ಲ, ಭಾರ ಎತ್ತಿದ್ದಕ್ಕಲ್ಲ, ಮೈ ಸಣ್ಣಗಿರೋದಕ್ಕಂತೂ ಅಲ್ಲವೇ ಅಲ್ಲ. ಯಾರೂ ಏನೂ ತಪ್ಪು ಮಾಡಿಲ್ಲ." ವಾನ್‌ಯೀ ತಲೆಯಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಫೆಂಗ್‌ಚಿನ್‌ಗೆ ಆ ತಲೆಯಾಡಿಸುವಿಕೆಯಲ್ಲಿ ನಂಬಿಕೆ ಕಾಣಲಿಲ್ಲ.

ಒಂದು ತಿಂಗಳ ಬಾಣಂತನದಂಥ ವಿಶ್ರಾಂತಿ ಆಗಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಜಿಯಾನ್‌ಬೋ ನಾಲ್ಕು ದಿನ ಹೆಂಡತಿಯ ಪಕ್ಕ ಕೂತು, ಏನು ಹೇಳಬೇಕೆಂದು ತಿಳಿಯದೆ ಸೇಬಿನ ಸಿಪ್ಪೆ ಸುಲಿದು ಸುಲಿದು ಕೊಟ್ಟು, ಮತ್ತೆ ಮಾರ್ಗಕ್ಕೆ ಹೋದ. ಫೆಂಗ್‌ಚಿನ್ ಬೆಳಗ್ಗೆ ಅಂಗಡಿಯ ಹಾಳೆಗಳನ್ನು ಮುಗಿಸಿ ಮೇಲೆ ಓಡಿಬರುವಳು. ನವಣೆ ಗಂಜಿ, ಕೆಂಪು ಸಕ್ಕರೆಯಲ್ಲಿ ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಕೋಳಿ ಸಾರು, ಸಂಜೆ ಮತ್ತೆ ನವಣೆ. ಗಾಳಿ ಬಡಿಯಬಾರದು, ತಣ್ಣೀರು ಮುಟ್ಟಬಾರದು, ತಲೆ ತೊಳೆಯಬಾರದು.

ದಕ್ಷಿಣದಿಂದ ವಾನ್‌ಯೀಯ ತಾಯಿ ಬೀಶಿಯಾ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು.

"ಇವತ್ತೇನು ಕೊಟ್ರು?"

"ನವಣೆ ಗಂಜಿ, ಮೊಟ್ಟೆ."

"ಮತ್ತೆ ಮೊಟ್ಟೆನಾ? ಶುಂಠಿ ಇಲ್ವಾ? ಕೆಂಪು ಅಕ್ಕಿ ಹೆಂಡದಲ್ಲಿ ಬೇಯಿಸಿದ ಕೋಳಿ ಇಲ್ವಾ? ನವಣೆ ಅಂದ್ರೆ ಹಕ್ಕಿಗೆ ಹಾಕೋದು!"

ಬೀಗಿತ್ತಿಗೂ ತಿಳಿಯಲೆಂದು ಅವಳು ಶಾಲೆಯಲ್ಲಿ ಕಲಿಸುವ ಭಾಷೆಯಲ್ಲೇ ಆಡುವ ಮಾತು ಅಡುಗೆಮನೆಯವರೆಗೂ ಬರುತ್ತಿತ್ತು. ಫೆಂಗ್‌ಚಿನ್ ಪಾತ್ರೆಯನ್ನು ತುಸು ಜೋರಾಗಿಯೇ ಇಡುವಳು. "ನಾವೆಲ್ಲ ಹಕ್ಕಿ ತಿಂಡಿ ತಿಂದೇ ಮಕ್ಕಳನ್ನ ಹೆತ್ತಿದ್ದು," ಎಂದು ಗೋಡೆಗೆ ಹೇಳುವಳು.

ಒಂಬತ್ತನೇ ದಿನ ಸಂಜೆ ಮೆಟ್ಟಿಲು ಹತ್ತಿ ಬರುವಾಗ ಅವಳಿಗೆ ಕೂದಲು ಒಣಗಿಸುವ ಯಂತ್ರದ ಸದ್ದು ಕೇಳಿಸಿತು. ಕೈಯಲ್ಲಿದ್ದ ಸೊಪ್ಪು ನೆಲಕ್ಕೆ ಬಿಟ್ಟು ಕೋಣೆಗೆ ನುಗ್ಗಿದಳು.

"ತಲೆ ತೊಳೆದ್ಯಾ?"

"ನವೆ ತಡೆಯೋಕಾಗ್ಲಿಲ್ಲ ಅಮ್ಮ. ಬಿಸಿ ನೀರಲ್ಲೇ ತೊಳೆದೆ. ವೈದ್ಯರು ತೊಳೀಬಹುದು ಅಂದಿದ್ರು."

"ವೈದ್ಯರು! ನಲವತ್ತಾದ ಮೇಲೆ ತಲೆ ಸಿಡಿದ್ರೆ ಆ ವೈದ್ಯರು ಬಂದು ಒತ್ತುತ್ತಾರಾ? ಈ ಮೈ ಇಟ್ಕೊಂಡು ಯಾಕೆ ಇಷ್ಟು ಹಟ? ನಿನ್ನ ಕೈ ನೋಡಿದ್ಯಾ, ಈರುಳ್ಳಿ ಗರಿ ಇದ್ದ ಹಾಗಿದೆ!"

ವಾನ್‌ಯೀ ಯಂತ್ರ ಆರಿಸಿದಳು. ಅವಳು ಅತ್ತೆಯ ಮುಂದೆ ಎಂದೂ ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ.

"ನಾನು ಕೆಮಿಸ್ಟ್ರಿ ಅಲ್ವಾ ಅಮ್ಮ. ಕಳಪೆ ಮಾಲು. ಮುರಿದ್ರೆ ಮುರೀಲಿ ಬಿಡಿ."

ಫೆಂಗ್‌ಚಿನ್ ಅಲ್ಲೇ ನಿಂತಳು. ಆಮೇಲೆ ಹೊರಗೆ ಬಂದು, ನೆಲದ ಮೇಲಿದ್ದ ಸೊಪ್ಪನ್ನು ಒಂದೊಂದೇ ದಂಟಾಗಿ ಎತ್ತಿಕೊಂಡಳು. ಅದೇ ಹೊತ್ತಿಗೆ ಒಳಗೆ ಬಂದ ಶುವಾನ್‌ಝು "ಏನಾಯ್ತು?" ಎಂದ.

"ಅವಳಿಗೆ ಗೊತ್ತು."

"ಏನು ಗೊತ್ತು?"

"ನಾವು ಯಾಕೆ ನಕ್ಕಿದ್ದು ಅಂತ."

ಆ ಸಂಜೆ ಊಟದ ಮೇಜಿನಲ್ಲಿ ಫೆಂಗ್‌ಚಿನ್ ತಿನ್ನುವ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟು ಹೇಳಿದಳು: "ಇವತ್ತಿಂದ ಈ ಮನೇಲಿ ಆ ಮಾತು ಯಾರೂ ಆಡಬಾರ್ದು."

"ಯಾವ ಮಾತು?" ಎಂದಳು ಅಜ್ಜಿ. ಅವಳ ಕಿವಿ ಮಂದ.

"ಆ ಮಾತು, ಅತ್ತೆ. ಮದುವೆ ದಿನ ನೀವು ಅಂದಿದ್ದು."

"ಕೆಮಿಸ್ಟ್ರಿನಾ?"

"ಅದೇ! ಅದನ್ನೇ ಆಡಬಾರ್ದು ಅಂದಿದ್ದು!"

ಅಜ್ಜಿ ಸ್ವಲ್ಪ ಹೊತ್ತು ಅಗಿದಳು. "ಹಾಗಾದ್ರೆ ಇವಳು ಶಾಲೇಲಿ ಏನು ಕಲಿಸ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ಏನನ್ಲಿ?"

"ವಿಜ್ಞಾನ ಅನ್ನಿ."

"ವಿಜ್ಞಾನದಲ್ಲಿ ಏನು ಅಂದ್ರೆ?"

"ಅಷ್ಟೆಲ್ಲ ಯಾರೂ ಕೇಳಲ್ಲ ಅಮ್ಮ," ಎಂದ ಶುವಾನ್‌ಝು.

ಮುಚ್ಚಿದ ಬಾಗಿಲಿನಾಚೆ ವಾನ್‌ಯೀ ಗಂಜಿ ಕುಡಿಯುತ್ತಿದ್ದಳು. ಆ ವಾರ ಅವಳು ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದಳು. ತನಗೆ ಇನ್ನು ಮುಂದೆ ಪ್ರಯೋಗಶಾಲೆ ಬೇಡ, ಗ್ರಂಥಾಲಯದ ಕೆಲಸವಿದ್ದರೆ ಕೊಡಿ ಎಂದು. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಜಿಯಾನ್‌ಬೋ, "ನಿನ್ನ ಮಕ್ಕಳು ಏನಂತಾರೆ?" ಎಂದ. ಅವಳ ತರಗತಿಯ ಮಕ್ಕಳನ್ನು ಅವನು ಹಾಗೇ ಕರೆಯುತ್ತಿದ್ದ. ಆ ದಿನ ಅದು ಅವನ ಬಾಯಿಂದ ಬರಬಾರದಿತ್ತು. ಅವಳು ಫೋನಿಟ್ಟಳು.

ಮರುದಿನ ಮಧ್ಯಾಹ್ನ ಅಜ್ಜಿ ಮಡಿಲಲ್ಲಿ ಆಕ್ರೋಟು ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು ಮೊಮ್ಮಗನ ಹೆಂಡತಿಯ ಕೋಣೆಗೆ ಬಂದಳು. ಹಾಸಿಗೆಯ ತುದಿಯಲ್ಲಿ ಕೂತು ಒಂದು ಆಕ್ರೋಟು ಒಡೆದು ತಿರುಳನ್ನು ವಾನ್‌ಯೀ ಕೈಗಿಟ್ಟಳು.

"ನನ್ನ ಗಂಡ ಶಿಯಾನ್‌ಗೆ ಹೋದಾಗ ನನಗೊಂದು ಬಾಚಣಿಗೆ ತಂದಿದ್ದ. ಗುಲಾಬಿ ಬಣ್ಣದ್ದು. ಓಣಿಗೆಲ್ಲ ಅದೊಂದೇ. ಕೆಮಿಸ್ಟ್ರಿ ಬಾಚಣಿಗೆ."

ಅಜ್ಜಿ ಇನ್ನೊಂದು ಆಕ್ರೋಟು ಒಡೆದಳು.

"ಮಣ್ಣಿನ ಮಡಕೆ ಒಂದೇ ಕೈಯಲ್ಲಿ ಇಡ್ತೀವಿ. ಮರದ ಬಾಚಣಿಗೆ ಎಲ್ಲಿ ಬೇಕಾದ್ರೂ ಎಸೀತೀವಿ. ಇದನ್ನ ಮಾತ್ರ ಎರಡು ಕೈಯಲ್ಲಿ ಹಿಡೀತಿದ್ದೆ, ಬಟ್ಟೆ ಸುತ್ತಿ ಇಡ್ತಿದ್ದೆ. ನಮ್ಮ ಕಾಲದಲ್ಲಿ ಕೆಮಿಸ್ಟ್ರಿ ಅಂದ್ರೆ ಅದು. ಎರಡು ಕೈಯಲ್ಲಿ ಹಿಡೀಬೇಕಾದ್ದು. ನಾನು ಅಂದಿದ್ದು ಅದನ್ನೇ. ಈಗಿನವರು ಅರ್ಥ ಕೆಡಿಸಿದಾರೆ."

"ನಿಜವಾ ಅಜ್ಜಿ?"

"ಇಷ್ಟು ವಯಸ್ಸಾದವಳು ಸುಳ್ಳು ಹೇಳ್ತಾಳೇನೇ?"

ಬಾಗಿಲ ಮರೆಯಲ್ಲಿ ನಿಂತಿದ್ದ ಫೆಂಗ್‌ಚಿನ್ ಅಡುಗೆಮನೆಗೆ ಬಂದು ಗಂಡನ ಹತ್ತಿರ ಪಿಸುಗುಟ್ಟಿದಳು: "ಈ ಮನೆಗೆ ಬಂದು ಮೂವತ್ತೆರಡು ವರ್ಷ ಆಯ್ತು. ಆ ಅರ್ಥ ಇವತ್ತೇ ಕೇಳಿದ್ದು. ನಿಮ್ಮಮ್ಮ ಎಂಥ ಸುಳ್ಳು ಕಟ್ಟಿದ್ರು ನೋಡಿ!"

"ಬಾಚಣಿಗೆ ನಿಜ," ಎಂದ ಶುವಾನ್‌ಝು. "ನಾನೇ ಮುರಿದು ಒದೆ ತಿಂದಿದ್ದೆ. ಮಿಕ್ಕಿದ್ದು ಗೊತ್ತಿಲ್ಲ. ಹುಡುಗಿ ಆಕ್ರೋಟು ತಿಂದ್ಲಾ?"

"ತಿಂದ್ಲು."

"ಮತ್ತೆ ಸುಮ್ನಿರು."

ವಾನ್‌ಯೀಯೂ ಪೂರ್ತಿ ನಂಬಿರಲಿಲ್ಲ. ಆದರೆ ಅಂದು ಮೊದಲ ಸಲ ಹೊರಗೆ ಬಂದು ಎಲ್ಲರ ಜೊತೆ ಊಟಕ್ಕೆ ಕೂತಳು.

ಮೂರನೇ ವಾರದ ಕೊನೆಗೆ ಅವಳು ಊಟದ ನಡುವೆ, ಯಾರನ್ನೂ ನೋಡದೆ ಹೇಳಿದಳು: "ಅಮ್ಮ, ನಾನು ಊರಿಗೆ ಹೋಗಿಬರ್ತೀನಿ. ಅವ್ವ ಕರೀತಿದಾಳೆ. ಶುಕ್ರವಾರದ ಟಿಕೆಟ್ಟು ತಗೊಂಡೆ."

"ವಾಪಸ್ ಯಾವತ್ತು?"

"ಅದು ತಗೊಂಡಿಲ್ಲ."

ಊಟವಾದ ಮೇಲೆ ಫೆಂಗ್‌ಚಿನ್ ಅಂಗಡಿಗಿಳಿದು ಅಲ್ಲಿಂದ ಮಗನಿಗೆ ಫೋನ್ ಮಾಡಿದಳು.

"ನಿನ್ನ ಹೆಂಡತಿ ತವರಿಗೆ ಹೊರಟಿದಾಳೆ."

"ನನಗೆ ಹೇಳಿದ್ಲು. ಹೋಗ್ಲಿ ಬಿಡಮ್ಮ, ಮನಸ್ಸು ಸರಿಹೋಗತ್ತೆ."

"ಒಂದೇ ಟಿಕೆಟ್ಟು ಕಣೋ! ಬರೋದು ತಗೊಂಡಿಲ್ಲ. ಮದುವೆ ದಿನವೇ ನೀನು ಅರ್ಥ ಹೇಳಿದ್ದಿದ್ರೆ ಅವತ್ತೇ ಸಿಟ್ಟಾಗಿ ಅವತ್ತೇ ಮುಗೀತಿತ್ತು."

"ನಾನು ಹೇಳ್ಲಿಲ್ಲ, ಸರಿ. ಐದು ತಿಂಗಳು ಒಂದೇ ಮನೇಲಿದ್ದು ನೀನೂ ಹೇಳ್ಲಿಲ್ವಲ್ಲ."

ಫೆಂಗ್‌ಚಿನ್ ಫೋನಿಟ್ಟಳು. ತೊಟ್ಟಿಯಲ್ಲಿದ್ದ ಗೋಧಿ ಹಾಲನ್ನು ಸುಮ್ಮನೆ ನೋಡುತ್ತ ನಿಂತಳು. ಹಬ್ಬದ ದಿನಗಳನ್ನು ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಅಂಗಡಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಪ್ರಾಂತ್ಯದ ಗಡಿ ದಾಟಿದವಳಂತೂ ಅಲ್ಲವೇ ಅಲ್ಲ.

ಗುರುವಾರ ಬೆಳಗ್ಗೆ ವಾನ್‌ಯೀ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಇನ್ನೊಂದು ಚೀಲ ಇಟ್ಟಳು. ಒಣ ಮೆಣಸಿನಕಾಯಿ, ಆಕ್ರೋಟು, ಐದು ಕಿಲೋ ನವಣೆ.

"ಇಷ್ಟೆಲ್ಲ ನಾನು ಹೊರೋಕಾಗಲ್ಲ ಅಮ್ಮ."

"ನೀನು ಹೊರಬೇಡ. ನಾನೂ ಬರ್ತಿದೀನಿ."

ವಾನ್‌ಯೀ ಕೈ ನಿಲ್ಲಿಸಿದಳು. "ಅಂಗಡಿ?"

"ಅವರಿದಾರೆ."

"ಅಪ್ಪನಿಗೆ ಹಿಟ್ಟು ತೊಳೆಯೋಕೆ ಬರಲ್ಲ."

"ಕಲೀತಾರೆ."

"ನಾನೊಬ್ಬಳೇ ಹೋಗ್ತೀನಿ ಅಮ್ಮ. ದಾರೀಲಿ ಮುರಿದು ಬೀಳಲ್ಲ."

"ಗೊತ್ತು ಕಣೇ." ಫೆಂಗ್‌ಚಿನ್ ಸೊಸೆಯ ಮುಖ ನೋಡದೆ ಚೀಲದ ಬಾಯಿ ಕಟ್ಟಿದಳು. "ನಿನ್ನನ್ನ ಕಾಯೋಕೆ ಬರ್ತಿಲ್ಲ. ನಿಮ್ಮವ್ವನಿಗೆ ನಾನು ಮುಖ ತೋರಿಸ್ಬೇಕು. ಮಗಳನ್ನ ಕೊಟ್ಟವರು ಅವರು."

ಎರಡು ರೈಲು ಬದಲಿಸಿ, ಇಡೀ ಹಗಲು ಪ್ರಯಾಣ. ಬೆಟ್ಟದ ಸುರಂಗಗಳಲ್ಲಿ ಫೆಂಗ್‌ಚಿನ್ ಕಿವಿ ಮುಚ್ಚಿಕೊಂಡಳು. ವಾನ್‌ಯೀ ಆಕಳಿಸಿ ತೋರಿಸಿ, "ಹೀಗೆ ಮಾಡಿ, ಬಿಡತ್ತೆ" ಎಂದಳು. ಮಧ್ಯಾಹ್ನ ಮೊಟ್ಟೆ ಸುಲಿದು ಕೊಟ್ಟಾಗ ವಾನ್‌ಯೀ ಅರ್ಧ ಮುರಿದು ಅತ್ತೆಗೆ ವಾಪಸು ಕೊಟ್ಟಳು.

ಫುಝೋ ಪಟ್ಟಣದಾಚೆಯ ಕಡಲ ದಂಡೆಯ ಆ ಊರಲ್ಲಿ ಬಟ್ಟೆ, ಹಾಸಿಗೆ, ಗಾಳಿ ಎಲ್ಲಕ್ಕೂ ಮೀನಿನ ವಾಸನೆ. ಬೀಶಿಯಾ ಎಂಟು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು. ಮೀನಿನುಂಡೆ ಮಾಡಿ ಹೋಟೆಲುಗಳಿಗೆ ಕೊಡುತ್ತಿದ್ದಳು. ಮಗಳನ್ನು ಕಂಡದ್ದೇ ಅವಳ ಕೆನ್ನೆ, ತೋಳು, ಬೆನ್ನು ಎಲ್ಲ ಸವರಿ ತಮ್ಮ ಭಾಷೆಯಲ್ಲಿ ಏನೇನೋ ಹೇಳಿದಳು. ಫೆಂಗ್‌ಚಿನ್‌ಗೆ ಒಂದಕ್ಷರ ತಿಳಿಯಲಿಲ್ಲ. ಶಾಲೆಯಲ್ಲಿ ಕಲಿಸುವ ಭಾಷೆಯಲ್ಲಿ ಬೀಗಿತ್ತಿಯರಿಬ್ಬರೂ ನಿಧಾನವಾಗಿ, ತಡವರಿಸಿಕೊಂಡು ಮಾತಾಡಬೇಕಿತ್ತು.

ಮರುದಿನ ವಾನ್‌ಯೀ ಒಳಕೋಣೆಯಲ್ಲಿ ಮಲಗಿದ್ದಳು. ಅಡುಗೆಮನೆಯಲ್ಲಿ ಬೀಶಿಯಾ ಅರೆದ ಮೀನನ್ನು ಬೋಗುಣಿಯಲ್ಲಿ ಬಡಿಯುತ್ತಿದ್ದಳು, ಫೆಂಗ್‌ಚಿನ್ ಶುಂಠಿ ಹೆಚ್ಚುತ್ತಿದ್ದಳು.

"ಬೀಗಿತ್ತಿ, ಒಂದು ಕೇಳ್ಲಾ?" ಎಂದಳು ಬೀಶಿಯಾ. "ಮದುವೆ ದಿನ ನಿಮ್ಮತ್ತೆಯವರು ಇವಳನ್ನ ಬಲೇ ಕೆಮಿಸ್ಟ್ರಿ ಅಂದ್ರಂತೆ. ನಾನು ಈ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಈಗ ಅದನ್ನ ಎತ್ತಿದ್ರೆ ಅವಳು ಮಾತು ತಪ್ಪಿಸ್ತಾಳೆ. ಏನದು?"

ಅಜ್ಜಿಯ ಎರಡು ಕೈಯ ಕಥೆ ಫೆಂಗ್‌ಚಿನ್ ನಾಲಿಗೆಯ ತುದಿಯಲ್ಲೇ ಇತ್ತು. ರೈಲಿನಲ್ಲಿ ಅದನ್ನು ಶಾಲೆಯ ಭಾಷೆಗೆ ಹೊಂದಿಸಿಕೊಂಡೂ ಇದ್ದಳು. ಚಾಕು ಕೆಳಗಿಟ್ಟಳು.

"ಗಟ್ಟಿ ಇಲ್ಲದ್ದು ಅಂತ. ಕಳಪೆ ಅಂತ. ನಮ್ಮತ್ತೆ ಅಂದ್ರು, ನಾನು ನಕ್ಕೆ. ಆಸ್ಪತ್ರೇಲಿ ನನ್ನ ನಾದಿನಿ ಮತ್ತೆ ಅದನ್ನೇ ಅಂದ್ಲು, ಮಗು ನಿಲ್ಲೋ ಮೈಯಲ್ಲ ಅಂದ್ಲು. ನಾನು ಅವಳ ಬಾಯಿ ಮುಚ್ಚಿಸ್ಲಿಲ್ಲ. ನಿಮ್ಮ ಮಗಳಿಗೆ ಕೇಳಿಸ್ತು."

ಬೀಶಿಯಾ ಬಡಿಯುತ್ತಲೇ ಇದ್ದಳು.

"ಬೈಸ್ಕೊಳ್ಳೋಕೆ ಇಷ್ಟು ದೂರ ಬಂದ್ರಾ?"

"ಹೂಂ."

"ಈಗ ಕೈ ತುಂಬ ಮೀನು. ಊಟ ಆದ್ಮೇಲೆ ಬೈತೀನಿ."

ಅವಳು ಮಾತು ತಪ್ಪುವವಳಲ್ಲ. ಊಟ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಶುರು ಮಾಡಿದಳು. ಸಿಟ್ಟು ಏರಿದಂತೆ ಶಾಲೆಯ ಭಾಷೆ ಕೈಬಿಟ್ಟಿತು. ಮಿಕ್ಕಿದ್ದೆಲ್ಲ ಅವರ ಊರಿನ ಭಾಷೆಯಲ್ಲೇ ಬಂತು. ಹತ್ತು ನಿಮಿಷ. ಫೆಂಗ್‌ಚಿನ್ ತಲೆ ತಗ್ಗಿಸಿ, ಪ್ರತಿ ಮಾತಿಗೂ ಹೂಂಗುಟ್ಟಿದಳು. ಕೊನೆಗೆ ಬೀಶಿಯಾಳ ದನಿ ಒಡೆಯಿತು, ಕಣ್ಣು ತುಂಬಿತು.

"ಸಾಕು ಅವ್ವ," ಎಂದಳು ವಾನ್‌ಯೀ.

"ಕೊನೇಲಿ ಏನಂದ್ರು?" ಎಂದು ಫೆಂಗ್‌ಚಿನ್ ಸೊಸೆಯನ್ನು ಕೇಳಿದಳು.

ವಾನ್‌ಯೀ ಒಂದು ಕ್ಷಣ ಯೋಚಿಸಿದಳು. "ಇನ್ನೆರಡು ಮೀನುಂಡೆ ಹಾಕ್ಕೊಳ್ಳಿ ಅಂದ್ಲು."

ಫೆಂಗ್‌ಚಿನ್ ಬಟ್ಟಲು ಮುಂದೆ ಚಾಚಿದಳು. ಬೀಶಿಯಾ ಅದನ್ನೊಮ್ಮೆ ನೋಡಿದಳು, ಮಗಳನ್ನೊಮ್ಮೆ ನೋಡಿದಳು. ಸೌಟು ತೆಗೆದುಕೊಂಡು ನಾಲ್ಕು ಹಾಕಿದಳು.

ಆಮೇಲಿನ ದಿನಗಳಲ್ಲಿ ನವಣೆ ಗಂಜಿಗೆ ಶುಂಠಿ ಬಿತ್ತು. ಹೆಂಡದಲ್ಲಿ ಬೆಂದ ಕೆಂಪು ಕೋಳಿ ತಿಂದು ಫೆಂಗ್‌ಚಿನ್ ಕೆನ್ನೆ ಕೆಂಪಾಯಿತು. ಸಂಜೆಗಳಲ್ಲಿ ವಾನ್‌ಯೀ ಅತ್ತೆಯನ್ನು ಕಡಲಿನವರೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲೊಂದು ಸಂಜೆ, ನೀರನ್ನೇ ನೋಡುತ್ತ ಕೇಳಿದಳು:

"ಅಮ್ಮ, ಆ ಹೊಗೆಯಿಂದ ಹೋಯ್ತು ಅಂತ ನಿಮಗೆ ಅನ್ಸತ್ತಾ?"

"ವೈದ್ಯೆ ಇಲ್ಲ ಅಂದ್ಲಲ್ಲ."

"ನಿಮಗೆ?"

"ಜಿಯಾನ್‌ಬೋಗಿಂತ ಮೊದಲು ನನ್ನದೂ ಒಂದು ಹೋಗಿತ್ತು," ಎಂದಳು ಫೆಂಗ್‌ಚಿನ್. "ನಾನು ಯಾವ ಹೊಗೆ ಹತ್ರಾನೂ ಹೋಗಿರ್ಲಿಲ್ಲ. ಆಗ ನಾನು ಗಿರಣೀಲಿ ಹಿಟ್ಟಿನ ಮೂಟೆ ಹೊರ್ತಿದ್ದೆ, ಎತ್ತಿನಂಗಿದ್ದೆ. ಎತ್ತಿನಂಗಿದ್ರೂ ಹೋಯ್ತು."

"ಅಪ್ಪನಿಗೆ ಗೊತ್ತಾ?"

"ಅವರಿಗೆ ಗೊತ್ತು. ಮಿಕ್ಕವರಿಗೆ ಹೇಳಿಲ್ಲ."

ವಾನ್‌ಯೀ ಅತ್ತೆಯ ತೋಳಿಗೆ ತೋಳು ಸೇರಿಸಿದಳು. ಕತ್ತಲಾಗುವ ಮೊದಲು ಇಬ್ಬರೂ ಹಾಗೇ ಮನೆಗೆ ಬಂದರು.

ಆರನೇ ದಿನ ಮಧ್ಯಾಹ್ನ ಶುವಾನ್‌ಝುವಿನ ಫೋನು ಬಂತು. ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಿದ್ದರು. ಮೂವರೂ ಸುತ್ತ ಕೂತು ಅವರೆ ಕಾಯಿ ಬಿಡಿಸುತ್ತಿದ್ದರು.

"ಅಂಗಡಿ ಹೇಗಿದೆ?" ಎಂದಳು ಫೆಂಗ್‌ಚಿನ್.

"ಹೇಗಿದೆ ಅಂತ ಏನು ಹೇಳ್ಲಿ? ಹಾಳೆ ಎತ್ತೋ ಹೊತ್ತಿಗೆ ಹರಿದುಹೋಗತ್ತೆ. ಒಂದೂ ನೆಟ್ಟಗೆ ಬರ್ತಿಲ್ಲ. ಇವತ್ತು ಔಷಧಿ ಅಂಗಡಿಯವನು ತಟ್ಟೆ ನೋಡಿ, 'ಏನಪ್ಪ ಶುವಾನ್‌ಝು, ನಿನ್ನ ಲಿಯಾಂಗ್‌ಪಿ ಬಲೇ ಕೆಮಿಸ್ಟ್ರಿ'..."

ಮಾತು ನಿಂತಿತು. ಫೆಂಗ್‌ಚಿನ್ ಕಣ್ಣು ಮುಚ್ಚಿಕೊಂಡಳು. ಆಗ ದೂರದಿಂದ ಅಜ್ಜಿಯ ದನಿ ಬಂತು: "ಲೋ, ಕೆಮಿಸ್ಟ್ರಿ ಅನ್ನಬಾರ್ದು ಅಂತ ನಿನ್ನ ಹೆಂಡತಿ ಹೇಳಿಲ್ವೇನೋ! ಈಗ ಎರಡು ಸಲ ಆಯ್ತು ನೋಡು, ನಂದೂ ಸೇರಿ!"

ವಾನ್‌ಯೀ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ನಕ್ಕಳು. ಅವರೆ ಬುಟ್ಟಿ ಮಡಿಲಿನಿಂದ ಜಾರಿತು, ಕಾಳು ನೆಲದ ತುಂಬ ಉರುಳಿತು, ಅವಳು ಬಗ್ಗಿ ಹೆಕ್ಕುತ್ತಲೂ ನಗುತ್ತಿದ್ದಳು. ಫೋನಿನ ಆಡುಮಾತು ಅರ್ಥವಾಗದೆ, ಮಗಳು ಯಾಕೆ ನಗುತ್ತಿದ್ದಾಳೆಂದು ತಿಳಿಯದ ಬೀಶಿಯಾ ತಾನೂ ನಕ್ಕಳು.

"ಅಪ್ಪ," ಎಂದು ವಾನ್‌ಯೀ ಫೋನು ಎತ್ತಿಕೊಂಡಳು, "ಹಾಲು ಕೂರೋಕೆ ಎಷ್ಟು ಹೊತ್ತು ಬಿಡ್ತಿದೀರಿ?"

"ಎರಡು ಗಂಟೆ."

"ಸಾಲಲ್ಲ. ಆರು ಗಂಟೆಯಾದ್ರೂ ಬಿಡಿ, ಅಲ್ಲಾಡಿಸ್ಬೇಡಿ. ಮೇಲಿನ ತಿಳಿ ನೀರು ಪೂರ್ತಿ ಬಗ್ಗಿಸಿ, ಆಮೇಲೆ ತಳದ್ದು ಕದಡಿ. ಬಟ್ಟಲಿಗೆ ಚಿಟಿಕೆ ಉಪ್ಪು."

"ಆರು ಗಂಟೆ. ಚಿಟಿಕೆ ಉಪ್ಪು," ಎಂದು ಶುವಾನ್‌ಝು ಬರೆದುಕೊಳ್ಳುವವನಂತೆ ಹೇಳಿದ. "ಆಗಲೂ ಹರಿದ್ರೆ?"

"ಭಾನುವಾರದವರೆಗೆ ಹೇಗಾದ್ರೂ ಸುಧಾರಿಸಿ ಅಪ್ಪ. ನಾವು ಬರ್ತೀವಿ. ಸೋಮವಾರ ನಾನು ಒಂಬತ್ತನೇ ತರಗತಿಗೆ ಆಮ್ಲ, ಕ್ಷಾರದ ಪಾಠ ಮುಂದುವರಿಸ್ಬೇಕು. ಪರೀಕ್ಷೆ ಹತ್ರ ಬಂತು."

ಫೆಂಗ್‌ಚಿನ್ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ, ಬಾಗಿಲಿಗೆ ಬೆನ್ನು ಹಾಕಿ ನಿಂತು, ಬಟ್ಟಲುಗಳನ್ನು ತೊಳೆಯತೊಡಗಿದಳು.

"ಬೀಗಿತ್ತಿ," ಎಂದು ಬೀಶಿಯಾ ಒಂದೊಂದೇ ಪದ ಜೋಡಿಸಿ ಕೂಗಿದಳು, "ಅವೆಲ್ಲ ಆಗಲೇ ತೊಳೆದಾಗಿದೆ."

"ಗೊತ್ತು," ಎಂದಳು ಫೆಂಗ್‌ಚಿನ್, ತೊಳೆಯುತ್ತಲೇ.